ಸಂಗ್ರಹ ಸರ್ವರಿನ ವಿದ್ಯುತ್ ಹಾಗೂ ಯಂತ್ರಾಂಶ ದೋಷಗಳ ಪರಿಶೋಧನೆ: ಹಸ್ತಪ್ರತಿ ಭಂಡಾರದ ದೃಷ್ಟಿಯಿಂದ

ಹಸ್ತಪ್ರತಿಗಳ ಸಂರಕ್ಷಣೆಯನ್ನು ಕುರಿತು ಕನ್ನಡದಲ್ಲಿ ಗಣನೀಯ ಪ್ರಮಾಣದ ಬರವಣಿಗೆ ನಡೆದಿದೆ. ಓಲೆಗರಿಗೆ ನಿಂಬೆಹುಲ್ಲಿನ ಎಣ್ಣೆಯನ್ನು ಲೇಪಿಸುವ ಕ್ರಮ, ಕಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿಡುವ ವಿಧಾನ, ಗೆದ್ದಲು ಮತ್ತು ತೇವಾಂಶಗಳಿಂದ ಅವುಗಳನ್ನು ಕಾಪಾಡುವ ಬಗೆ ಇವೆಲ್ಲವೂ ನಮ್ಮ ಸಂಪಾದಕರಿಗೂ ಭಂಡಾರಗಳ ಸಿಬ್ಬಂದಿಗೂ ತಿಳಿದ ವಿಷಯಗಳೇ. ಆದರೆ ಅದೇ ಓಲೆಗರಿಗಳ ವಿದ್ಯುನ್ಮಾನ ಬಿಂಬಗಳು ನೆಲೆಸಿರುವ ಯಂತ್ರವನ್ನು ಕುರಿತು ನಮ್ಮ ವಿಭಾಗಗಳಲ್ಲಿ ಇರುವ ತಿಳಿವಳಿಕೆ ತೀರ ಅಲ್ಪ. ಅದು ಒಂದು ಕೋಣೆಯ ಮೂಲೆಯಲ್ಲಿ, ಕಬ್ಬಿಣದ ಚೌಕಟ್ಟಿನಲ್ಲಿ, ಹಸಿರು ದೀಪಗಳನ್ನು ಮಿನುಗಿಸುತ್ತ ಸದ್ದು ಮಾಡುತ್ತಿರುತ್ತದೆ. ಸದ್ದು ನಿಂತ ದಿನ ಮಾತ್ರ ಅದರ ನೆನಪಾಗುತ್ತದೆ. ಆ ದಿನ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನನ್ನು ಮಾಡಬಾರದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಇದು ತಂತ್ರಜ್ಞರ ಕೆಲಸ, ಕನ್ನಡ ಅಧ್ಯಾಪಕರಿಗೇಕೆ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರವನ್ನು ಒಂದು ಲೆಕ್ಕದ ಮೂಲಕ ಕಂಡುಕೊಳ್ಳಬಹುದು. ನಲವತ್ತು ಸೆಂಟಿಮೀಟರ್ ಉದ್ದ, ನಾಲ್ಕು ಸೆಂಟಿಮೀಟರ್ ಅಗಲದ ಒಂದು ಓಲೆಯನ್ನು ಅಂಗುಲಕ್ಕೆ 600 ಚುಕ್ಕೆಗಳಂತೆ ಬಣ್ಣದಲ್ಲಿ, ಕುಗ್ಗಿಸದೆ ಸ್ಕ್ಯಾನ್ ಮಾಡಿದರೆ ಒಂದು ಬದಿಗೆ ಸುಮಾರು 27 ಮೆಗಾಬೈಟ್ ಆಗುತ್ತದೆ. ನೂರೈವತ್ತು ಗರಿಗಳ ಒಂದು ಕಟ್ಟಿಗೆ ಸುಮಾರು 8 ಗಿಗಾಬೈಟ್. ಸಾವಿರ ಕಟ್ಟುಗಳಿಗೆ 8 ಟೆರಾಬೈಟ್. ಕ್ಷೇತ್ರಕಾರ್ಯದ ಧ್ವನಿಮುದ್ರಣಗಳನ್ನು ಉತ್ತಮ ಗುಣಮಟ್ಟದಲ್ಲಿ ಪರಿವರ್ತಿಸಿದಾಗ ಒಂದು ಗಂಟೆಯ ಕ್ಯಾಸೆಟ್ಟಿಗೆ 2 ಗಿಗಾಬೈಟಿನಷ್ಟು ಬೇಕು. ಹೀಗೆ ಒಂದು ವಿಭಾಗದ ಎರಡು ಮೂರು ದಶಕಗಳ ದುಡಿಮೆ ಎಂಟು ಹತ್ತು ಡಿಸ್ಕುಗಳಲ್ಲಿ ಅಡಗಿ ಕುಳಿತಿರುತ್ತದೆ. ಯಂತ್ರ ಕೆಟ್ಟಾಗ ಬರುವ ದುರಸ್ತಿಗಾರನಿಗೆ ಅದು ಬದಲಾಯಿಸಬಹುದಾದ ಒಂದು ಬಿಡಿಭಾಗ. ನಿರ್ವಹಣಾ ಒಪ್ಪಂದದಲ್ಲಿ ಹೊಣೆ ಇರುವುದು ಯಂತ್ರಕ್ಕೆ, ಅದರೊಳಗಿನ ಓಲೆಗರಿಗಳಿಗಲ್ಲ. ಆ ಹೊಣೆಯನ್ನು ವಿಭಾಗವೇ ಹೊರಬೇಕಾಗುತ್ತದೆ.

ನಾನು ಹತ್ತಿರದಿಂದ ಕಂಡ ಒಂದು ಘಟನೆಯನ್ನು ಇಲ್ಲಿ ಉಲ್ಲೇಖಿಸುವುದು ಉಚಿತ. ಮಳೆಗಾಲದ ಒಂದು ರಾತ್ರಿ ವಿದ್ಯುತ್ ಹೋಗಿ ಬಂದು ಹೋಗಿ ಬಂದು, ಬೆಳಿಗ್ಗೆ ನೋಡಿದಾಗ ಸರ್ವರ್ ನಿಂತುಹೋಗಿತ್ತು. ಗುಂಡಿ ಒತ್ತಿದರೆ ಫ್ಯಾನುಗಳು ಅರೆಕ್ಷಣ ಮಿಡುಕಿ ನಿಲ್ಲುತ್ತಿದ್ದವು. ಬಂದ ದುರಸ್ತಿಗಾರ, ಯಂತ್ರವನ್ನು ಹೊರತೆಗೆಯಲು ಭಾರ ಕಡಿಮೆಯಾಗಲೆಂದು ಎಂಟು ಡಿಸ್ಕುಗಳನ್ನೂ ಎಳೆದು ಮೇಜಿನ ಮೇಲೆ ಒಂದರ ಮೇಲೊಂದು ಪೇರಿಸಿಟ್ಟ. ಯಾವುದು ಯಾವ ಮನೆಯದು ಎಂಬ ಗುರುತು ಹಾಕಿರಲಿಲ್ಲ. ಮದರ್‌ಬೋರ್ಡ್ ಸುಟ್ಟಿದೆ ಎಂದು ಘೋಷಿಸಿ, ಡಿಸ್ಕುಗಳನ್ನು ಬೇರೊಂದು ಯಂತ್ರಕ್ಕೆ ಹಾಕಿದಾಗ ಪರದೆಯ ಮೇಲೆ 'ಅನ್ಯ ಸಂರಚನೆ ಕಂಡುಬಂದಿದೆ, ಅಳಿಸಲೇ?' ಎಂಬರ್ಥದ ಸಂದೇಶ ಮೂಡಿತು. ಆತನ ಬೆರಳು ಒಪ್ಪಿಗೆಯ ಕೀಲಿಯ ಮೇಲಿತ್ತು. ಪಕ್ಕದಲ್ಲಿದ್ದ ಸಂಶೋಧನಾ ವಿದ್ಯಾರ್ಥಿನಿ ಕೈ ಹಿಡಿದು ತಡೆಯದಿದ್ದರೆ, ಇಂದು ಬದುಕಿಲ್ಲದ ಹಲವು ಹಾಡುಗಾರರ ದನಿ ಅಂದೇ ಹೋಗುತ್ತಿತ್ತು. ಮೂಲ ಕ್ಯಾಸೆಟ್ಟುಗಳಲ್ಲಿ ಹೆಚ್ಚಿನವು ಬೂಷ್ಟು ಹಿಡಿದು ಆ ವೇಳೆಗಾಗಲೇ ನಿರುಪಯುಕ್ತವಾಗಿದ್ದವು. ಈ ಘಟನೆಯ ಮುಂದಿನ ಭಾಗಕ್ಕೆ ಆಮೇಲೆ ಬರುತ್ತೇನೆ.

ಯಂತ್ರದ ರಚನೆ

ರ್ಯಾಕ್ ಎಂದು ಕರೆಯಲಾಗುವ ಚೌಕಟ್ಟಿನ ಅಗಲ 19 ಅಂಗುಲ. ಎತ್ತರವನ್ನು 'ಯು' ಎಂಬ ಮಾನದಲ್ಲಿ ಹೇಳುತ್ತಾರೆ. ಒಂದು ಯು ಎಂದರೆ ಒಂದೂಮುಕ್ಕಾಲು ಅಂಗುಲ, ಅಂದರೆ 44.45 ಮಿಲಿಮೀಟರ್. ಎರಡು ಯು ಎತ್ತರದ ಸಂಗ್ರಹ ಸರ್ವರಿನ ಮುಂಭಾಗದಲ್ಲಿ ಸಾಮಾನ್ಯವಾಗಿ ಹನ್ನೆರಡು ದೊಡ್ಡ ಡಿಸ್ಕುಗಳಿಗೆ ಮನೆಗಳಿರುತ್ತವೆ. ಡಿಸ್ಕುಗಳು ಹಿಂದೆ ನಿಂತಿರುವ ಬ್ಯಾಕ್‌ಪ್ಲೇನ್ ಎಂಬ ಫಲಕಕ್ಕೆ ಕಚ್ಚಿಕೊಳ್ಳುತ್ತವೆ. ವಿದ್ಯುತ್ತೂ ದತ್ತಾಂಶವೂ ಆ ಫಲಕದ ಮೂಲಕವೇ ಹರಿಯುತ್ತವೆ. ಅದರ ಹಿಂದೆ ಫ್ಯಾನುಗಳ ಸಾಲು, ಮದರ್‌ಬೋರ್ಡ್, ಡಿಸ್ಕುಗಳನ್ನು ಒಂದು ಸಮೂಹವಾಗಿ ನಿರ್ವಹಿಸುವ ರೇಡ್ ಕಾರ್ಡ್, ಕೊನೆಯಲ್ಲಿ ಎರಡು ಪವರ್ ಸಪ್ಲೈಗಳು. ಇವೆರಡರಲ್ಲಿ ಒಂದು ಕೆಟ್ಟರೂ ಇನ್ನೊಂದು ಇಡೀ ಭಾರವನ್ನು ಹೊರುವಂತೆ ವ್ಯವಸ್ಥೆ ಇರುತ್ತದೆ. ಇವಲ್ಲದೆ ಮುಖ್ಯ ಗಣಕ ಆರಿದ್ದಾಗಲೂ ಎಚ್ಚರವಾಗಿರುವ ಒಂದು ಪುಟ್ಟ ಕಾವಲು ಗಣಕ ಮದರ್‌ಬೋರ್ಡಿನ ಮೇಲೆಯೇ ಇರುತ್ತದೆ. ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಸಂಸ್ಥೆಗಳು 1998ರಲ್ಲಿ ಮುಂದಿಟ್ಟ ಐಪಿಎಂಐ ಎಂಬ ಒಡಂಬಡಿಕೆಯನ್ನು ಅನುಸರಿಸಿ ಇದು ತಾಪ, ವೋಲ್ಟೇಜು, ಫ್ಯಾನಿನ ವೇಗಗಳನ್ನು ಗಮನಿಸುತ್ತ, ಕಂಡ ದೋಷಗಳನ್ನು ದಿನಾಂಕಸಹಿತ ಬರೆದಿಡುತ್ತದೆ.

ದುರಸ್ತಿಗೆ ಕೈಹಾಕುವ ಮುನ್ನ ಓದಬೇಕಾದ ಮೊದಲ ಪಠ್ಯ ಈ ದಾಖಲೆಯೇ. ನಮ್ಮಲ್ಲಿ ಬಹುತೇಕರು ಇದನ್ನು ತೆರೆದೇ ನೋಡಿರುವುದಿಲ್ಲ. ಓದುವಾಗ ಒಂದು ಎಚ್ಚರಿಕೆ ಅಗತ್ಯ: ಕಾವಲು ಗಣಕದ ಗಡಿಯಾರವನ್ನು ಯಾರೂ ಸರಿಪಡಿಸದೆ ಬಿಟ್ಟಿರುವುದರಿಂದ ಅದು ಬರೆದಿಟ್ಟ ತಾರೀಖುಗಳು ವರ್ಷಗಟ್ಟಲೆ ಹಿಂದೆ ಬಿದ್ದಿರಬಹುದು. ಶಾಸನದಲ್ಲಿ ಶಕವರ್ಷಕ್ಕೂ ಸಂವತ್ಸರದ ಹೆಸರಿಗೂ ತಾಳೆಯಾಗದಾಗ ನಾವು ಮಾಡುವಂತೆಯೇ, ಇಲ್ಲಿಯೂ ಗೊತ್ತಿರುವ ಒಂದು ಘಟನೆಯನ್ನು, ಉದಾಹರಣೆಗೆ ಇಡೀ ಆವರಣದಲ್ಲಿ ವಿದ್ಯುತ್ ಹೋದ ಗಳಿಗೆಯನ್ನು, ಆಧಾರವಾಗಿಟ್ಟುಕೊಂಡು ಉಳಿದವನ್ನು ಸರಿಹೊಂದಿಸಿಕೊಳ್ಳಬೇಕು.

ಗೋಡೆಯಿಂದ ಆರಂಭ

ಯಂತ್ರ ಏಳುತ್ತಿಲ್ಲ ಎಂದಾಗ ದೋಷ ಯಂತ್ರದೊಳಗೇ ಇದೆ ಎಂದು ಭಾವಿಸುವುದು ಸಾಮಾನ್ಯ ತಪ್ಪು. ಪರಿಶೋಧನೆ ಗೋಡೆಯಿಂದ ಆರಂಭವಾಗಬೇಕು. ನಮ್ಮ ದೇಶದ ಪೂರೈಕೆ 230 ವೋಲ್ಟ್, 50 ಹರ್ಟ್ಸ್. ಸರ್ವರಿನ ಪವರ್ ಸಪ್ಲೈಗಳಲ್ಲಿ ಬಹುಪಾಲು 100ರಿಂದ 240 ವೋಲ್ಟಿನವರೆಗೆ ತಾಳಿಕೊಳ್ಳುವಂತೆ ರಚಿತವಾಗಿರುವುದರಿಂದ ಬರಿಯ ವೋಲ್ಟೇಜ್ ಇಳಿತದಿಂದ ಅವು ಸಾಯುವುದು ಅಪರೂಪ. ತೊಂದರೆ ಬರುವುದು ಹಠಾತ್ ಏರಿಕೆಗಳಿಂದ ಮತ್ತು ನೆಲಸಂಪರ್ಕ ಕೆಟ್ಟಿರುವುದರಿಂದ. ನ್ಯೂಟ್ರಲ್ ತಂತಿಗೂ ಅರ್ತಿಂಗ್ ತಂತಿಗೂ ನಡುವೆ ಒಂದೆರಡು ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ವೈರಿಂಗನ್ನು ಸಂಶಯಿಸಬೇಕು. ಇದನ್ನು ಅಳೆಯುವುದು ಎಲೆಕ್ಟ್ರಿಷಿಯನ್ನನ ಕೆಲಸ. ಅಳೆಯಿರಿ ಎಂದು ಕೇಳುವುದು ನಮ್ಮ ಕೆಲಸ. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿಗೆ ನೀರು ಹಾಕದೆ ಒಣಗಿಹೋಗಿರುವುದು ನಮ್ಮ ಹಳೆಯ ಕಟ್ಟಡಗಳಲ್ಲಿ ಎಷ್ಟೋ ಬಾರಿ ಕಂಡುಬರುತ್ತದೆ.

ಯುಪಿಎಸ್ ಇದೆಯಲ್ಲ ಎಂಬ ಭರವಸೆ ಇನ್ನೊಂದು. ಅದರೊಳಗಿನ ಸೀಸದ ಬ್ಯಾಟರಿಗಳ ಆಯುಷ್ಯ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಕೋಣೆಯ ಸೆಖೆ ಏರಿದಷ್ಟೂ ಅದು ಕುಗ್ಗುತ್ತದೆ. ಬ್ಯಾಟರಿ ಸತ್ತಿದ್ದರೂ ವಿದ್ಯುತ್ ಇರುವವರೆಗೆ ಯುಪಿಎಸ್ಸಿನ ದೀಪ ಹಸಿರಾಗಿಯೇ ಉರಿಯಬಹುದು. ವರ್ಷಕ್ಕೆ ಎರಡು ಬಾರಿಯಾದರೂ ಸರ್ವರನ್ನು ಕ್ರಮವಾಗಿ ಆರಿಸಿ, ಬೇರೆ ಯಾವುದಾದರೂ ಭಾರವನ್ನು ಜೋಡಿಸಿ, ಗೋಡೆಯ ಸ್ವಿಚ್ಚನ್ನು ತೆಗೆದು, ಅದು ಎಷ್ಟು ನಿಮಿಷ ನಿಲ್ಲುತ್ತದೆಂದು ನೋಡಬೇಕು.

ಎರಡು ಪವರ್ ಸಪ್ಲೈಗಳ ವಿಚಾರದಲ್ಲಿ ನಾನು ಕಂಡಿರುವ ಅಜಾಗರೂಕತೆ ಎರಡು ಬಗೆಯದು. ಎರಡರ ತಂತಿಯನ್ನೂ ಒಂದೇ ಪವರ್‌ಸ್ಟ್ರಿಪ್ಪಿಗೆ ಸಿಕ್ಕಿಸಿರುವುದು ಒಂದು. ಆಗ ಸ್ಟ್ರಿಪ್ಪಿನ ಒಂದು ಸಡಿಲ ಸಂಪರ್ಕ ಎರಡನ್ನೂ ಒಟ್ಟಿಗೆ ಕೊಲ್ಲುತ್ತದೆ. ಇನ್ನೊಂದು, ಒಂದು ಕೆಟ್ಟಾಗ ಯಂತ್ರ ಎಡೆಬಿಡದೆ ಕೂಗುವುದನ್ನು ಸಹಿಸಲಾರದೆ ಕೂಗನ್ನಷ್ಟೇ ನಿಲ್ಲಿಸಿ ಸುಮ್ಮನಾಗುವುದು. ಯಂತ್ರ ತಿಂಗಳುಗಟ್ಟಲೆ ಒಂದೇ ಕಾಲಿನ ಮೇಲೆ ನಿಂತಿರುತ್ತದೆ, ಯಾರಿಗೂ ಗೊತ್ತಿರುವುದಿಲ್ಲ.

ಗೋಡೆ, ಯುಪಿಎಸ್, ತಂತಿ ಇವೆಲ್ಲ ಸರಿಯಿವೆ ಎಂದಾದ ಮೇಲೆ ಪವರ್ ಸಪ್ಲೈಯ ಬೆನ್ನಿನ ದೀಪವನ್ನು ನೋಡಬೇಕು. ಬಣ್ಣಗಳ ಅರ್ಥ ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಕೈಪಿಡಿಯ ಆ ಪುಟವನ್ನು ಮುದ್ರಿಸಿ ರ್ಯಾಕಿನ ಬಾಗಿಲಿಗೆ ಅಂಟಿಸಿಡುವುದು ಲೇಸು. ದೀಪವೇ ಇಲ್ಲದಿದ್ದರೆ ತಂತಿ ಅಥವಾ ಘಟಕ ಸತ್ತಿದೆ. ದೀಪವಿದ್ದೂ ಯಂತ್ರ ಏಳದಿದ್ದರೆ ಎರಡೂ ತಂತಿಗಳನ್ನು ಕಿತ್ತು, ಮುಂಭಾಗದ ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿದು, ಎರಡು ಮೂರು ನಿಮಿಷ ಬಿಡಬೇಕು. ಇದು ಮೂಢನಂಬಿಕೆಯಲ್ಲ. ಆಧುನಿಕ ಪವರ್ ಸಪ್ಲೈ, ಯಂತ್ರ ಆರಿದ್ದಾಗಲೂ ಒಂದು ಸಣ್ಣ ಧಾರೆಯನ್ನು ಒಳಗೆ ಹರಿಸುತ್ತಲೇ ಇರುತ್ತದೆ. ಕಾವಲು ಗಣಕ ಬದುಕಿರುವುದು ಅದರಿಂದಲೇ. ಅತಿಭಾರ ಕಂಡು ಒಮ್ಮೆ ಮುಚ್ಚಿಕೊಂಡ ಘಟಕ, ಅಥವಾ ತಾನೇ ಗೊಂದಲಗೊಂಡ ಕಾವಲು ಗಣಕ, ಆ ಧಾರೆ ಪೂರ್ತಿ ನಿಲ್ಲುವವರೆಗೆ ತನ್ನ ಹಿಂದಿನ ಸ್ಥಿತಿಯನ್ನು ಬಿಡುವುದಿಲ್ಲ. ಅನಂತರ ಒಂದು ಘಟಕವನ್ನು ಮಾತ್ರ ಜೋಡಿಸಿ ನೋಡಬೇಕು. ಆಮೇಲೆ ಇನ್ನೊಂದನ್ನು ಮಾತ್ರ. ಆಮೇಲೆ ಮನೆ ಅದಲುಬದಲು ಮಾಡಿ. ದೋಷವು ಘಟಕದೊಡನೆ ಸ್ಥಳಾಂತರಗೊಂಡರೆ ಘಟಕದ್ದು, ಮನೆಯಲ್ಲಿಯೇ ಉಳಿದರೆ ಮನೆಯದು. ಘಟಕವನ್ನು ಬಿಚ್ಚುವ ಸಾಹಸ ಮಾತ್ರ ಸಲ್ಲದು. ಅದರೊಳಗಿನ ಕೆಪಾಸಿಟರಿನಲ್ಲಿ 400 ವೋಲ್ಟಿಗೆ ಸಮೀಪದ ವಿದ್ಯುತ್ತು ತಂತಿ ಕಿತ್ತ ಮೇಲೂ ಉಳಿದಿರುತ್ತದೆ.

ಒಂದೊಂದನ್ನೇ ಬದಲಿಸುವ ಕ್ರಮ

ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳನ್ನು ತೂಗುವಾಗ ನಾವು ಅನುಸರಿಸುವ ಶಿಸ್ತೇ ಇಲ್ಲಿಯೂ ಬೇಕು. ಏಕಕಾಲಕ್ಕೆ ಎರಡನ್ನು ಬದಲಿಸಿದರೆ ಯಾವುದರಿಂದ ಏನಾಯಿತೆಂಬುದು ತಿಳಿಯದೆ ಹೋಗುತ್ತದೆ. ಯಂತ್ರವನ್ನು ಅದರ ಕನಿಷ್ಠ ರೂಪಕ್ಕೆ ಇಳಿಸಿ ಅಲ್ಲಿಂದ ಮೇಲಕ್ಕೆ ಕಟ್ಟುತ್ತ ಬರಬೇಕು: ಒಂದು ಪ್ರೊಸೆಸರ್, ಒಂದು ಮೆಮೊರಿ ಪಟ್ಟಿ, ಒಂದು ಪವರ್ ಸಪ್ಲೈ, ಡಿಸ್ಕುಗಳಿಲ್ಲ, ಕಾರ್ಡುಗಳಿಲ್ಲ. ಇದಕ್ಕೆ ಮೊದಲು ಪ್ರತಿ ಡಿಸ್ಕಿನ ಮೇಲೂ ಮನೆಯ ಸಂಖ್ಯೆಯ ಚೀಟಿ ಅಂಟಿಸಿ, ಅದರ ಕ್ರಮಸಂಖ್ಯೆಯನ್ನು ವಹಿಯಲ್ಲಿ ಬರೆದು, ಮುಂಭಾಗದ ಛಾಯಾಚಿತ್ರವನ್ನೂ ತೆಗೆದಿಡಬೇಕು. ಇಂದಿನ ರೇಡ್ ಕಾರ್ಡುಗಳಲ್ಲಿ ಹೆಚ್ಚಿನವು ಸಮೂಹದ ವಿವರವನ್ನು ಡಿಸ್ಕುಗಳ ಮೇಲೆಯೇ ಬರೆದಿಡುವುದರಿಂದ ಕ್ರಮ ತಪ್ಪಿದರೂ ಗುರುತಿಸಬಲ್ಲವು. ಆದರೆ ಆ ವಿವರವೇ ಕೆಟ್ಟಿದ್ದಲ್ಲಿ ಚೀಟಿಯ ಹೊರತು ಬೇರೆ ಆಧಾರವಿರುವುದಿಲ್ಲ. ಕಟ್ಟು ಬಿಚ್ಚಿ ಚೆಲ್ಲಾಪಿಲ್ಲಿಯಾದ, ಪತ್ರಸಂಖ್ಯೆಯಿಲ್ಲದ ಓಲೆಗಳನ್ನು ಜೋಡಿಸಿದ ಅನುಭವವಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಗುಂಡಿ ಒತ್ತಿದಾಗ ಅರೆಕ್ಷಣ ಮಿಡುಕಿ ನಿಲ್ಲುವುದು ಎಲ್ಲೋ ಒಂದು ಕಡೆ ಧಾರೆ ನೇರ ನೆಲಕ್ಕೆ ಸೋರುತ್ತಿದೆ ಎಂಬುದರ ಲಕ್ಷಣ. ಪವರ್ ಸಪ್ಲೈ ಅದನ್ನು ಕಂಡು ತನ್ನನ್ನು ತಾನು ಮುಚ್ಚಿಕೊಳ್ಳುತ್ತದೆ. ಕನಿಷ್ಠ ರೂಪದಲ್ಲಿ ಯಂತ್ರ ಎದ್ದಿತೆಂದರೆ, ಅದು ಸುಟ್ಟಿಲ್ಲ. ತೆಗೆದಿಟ್ಟ ಭಾಗಗಳಲ್ಲಿ ಒಂದು ದೋಷಿ. ಡಿಸ್ಕುಗಳನ್ನು ಒಂದೊಂದಾಗಿ ಮರಳಿ ಸೇರಿಸುವಾಗ ರೇಡ್ ಕಾರ್ಡನ್ನು ಅದರ ಬ್ಯಾಟರಿ ಸಮೇತ ಹೊರಗಿಟ್ಟು, ಬ್ಯಾಕ್‌ಪ್ಲೇನಿಗೆ ಹೋಗುವ ದತ್ತಾಂಶದ ಕೇಬಲ್ಲುಗಳನ್ನು ಕಳಚಿರಬೇಕು. ಇಲ್ಲವಾದರೆ ಅರ್ಧ ಡಿಸ್ಕುಗಳನ್ನಷ್ಟೇ ಕಂಡ ಕಾರ್ಡು ಉಳಿದವು ಸತ್ತಿವೆಯೆಂದು ತೀರ್ಮಾನಿಸಿ ಹಾಗೆಂದೇ ಬರೆದುಬಿಡುತ್ತದೆ. ಬ್ಯಾಟರಿಯನ್ನು ಕೀಳಬಾರದೆಂಬುದಕ್ಕೂ ಕಾರಣವಿದೆ. ವಿದ್ಯುತ್ ಹೋದ ಕ್ಷಣದಲ್ಲಿ ಡಿಸ್ಕಿಗೆ ಇನ್ನೂ ಬರೆಯದೆ ಉಳಿದಿದ್ದ ದತ್ತಾಂಶ ಕಾರ್ಡಿನ ನೆನಪಿನಲ್ಲಿರುತ್ತದೆ. ಬ್ಯಾಟರಿ ಅದನ್ನು ಎರಡು ಮೂರು ದಿನಗಳ ಕಾಲ ಹಿಡಿದಿಟ್ಟುಕೊಂಡಿರುತ್ತದೆ.

ಎಲ್ಲ ಡಿಸ್ಕುಗಳೂ ಒಟ್ಟಿಗೆ ತಿರುಗಲಾರಂಭಿಸುವ ಗಳಿಗೆಯೂ ಒಂದು ಪರೀಕ್ಷೆಯೇ. ಒಂದು ದೊಡ್ಡ ಡಿಸ್ಕು ನಿಶ್ಚಲ ಸ್ಥಿತಿಯಿಂದ ವೇಗಕ್ಕೆ ಏರುವಾಗ 12 ವೋಲ್ಟಿನ ಧಾರೆಯಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಹನ್ನೆರಡಕ್ಕೆ 24 ಆಂಪಿಯರ್, ಅಂದರೆ 288 ವಾಟ್. ಆದ್ದರಿಂದಲೇ ಒಂದರ ಹಿಂದೊಂದರಂತೆ ತಿರುಗಿಸುವ ಏರ್ಪಾಡು ಇರುತ್ತದೆ. ಅದು ತಪ್ಪಿದ್ದರೆ, ಅಥವಾ ಪವರ್ ಸಪ್ಲೈ ವಯಸ್ಸಾಗಿ ಸೊರಗಿದ್ದರೆ, ವರ್ಷಗಟ್ಟಲೆ ಎಡೆಬಿಡದೆ ನಡೆದ ಯಂತ್ರ ಒಮ್ಮೆ ಆರಿಸಿದ ಮೇಲೆ ಮತ್ತೆ ಏಳುವುದಿಲ್ಲ.

ಮೇಲೆ ಹೇಳಿದ ಘಟನೆಯಲ್ಲಿ ಆದದ್ದು ಹೀಗೆ. ಎರಡು ಪವರ್ ಸಪ್ಲೈಗಳಲ್ಲಿ ಒಂದು ಬಹಳ ಹಿಂದೆಯೇ ಸತ್ತಿದ್ದು, ಯಾರೋ ಅದರ ಕೂಗನ್ನು ನಿಲ್ಲಿಸಿದ್ದರು. ಇನ್ನೊಂದು ಬದುಕಿತ್ತು. ಡಿಸ್ಕುಗಳನ್ನು ತೆಗೆದ ಬಳಿಕ ಯಂತ್ರ ಎದ್ದಿತು. ದುರಸ್ತಿಗಾರ ಅದನ್ನು ಪರೀಕ್ಷಿಸಿಯೇ ಇರಲಿಲ್ಲ. ಒಂದೊಂದಾಗಿ ಸೇರಿಸುತ್ತ ಹೋದಾಗ ಐದನೆಯ ಡಿಸ್ಕಿಗೆ ಯಂತ್ರ ಮತ್ತೆ ಮಿಡುಕಿ ನಿಂತಿತು. ಡಿಸ್ಕಿನ ವಿದ್ಯುತ್ ಫಲಕದ ಮೇಲೆ ಅತಿವೋಲ್ಟೇಜಿನಿಂದ ಕಾಪಾಡಲೆಂದು ಒಂದು ಡಯೋಡನ್ನು ಇಟ್ಟಿರುತ್ತಾರೆ. ಏರಿಕೆ ಬಂದಾಗ ಅದು ತಾನು ಸತ್ತು, ಸೋರಿಕೆಯ ದಾರಿಯಾಗಿ, ಹಿಂದಿರುವುದನ್ನು ಉಳಿಸುತ್ತದೆ. ಇಲ್ಲಿ ಸತ್ತಿದ್ದುದು ಆ ಡಯೋಡು. ಇಂಥ ಡಿಸ್ಕಿನ ತಟ್ಟೆಗಳ ಮೇಲಿನ ಬರಹ ಸಾಮಾನ್ಯವಾಗಿ ಅಕ್ಷತವಾಗಿರುತ್ತದೆ. ಅದೇ ಮಾದರಿಯ ಬೇರೆ ಡಿಸ್ಕಿನಿಂದ ಫಲಕ ತೆಗೆದು ಹಾಕಿದರೆ ಸಾಕೆಂಬ ಸಲಹೆ ಕೇಳಿಬರುತ್ತದೆ. ಅದು ಈಗ ನಡೆಯುವುದಿಲ್ಲ. ಪ್ರತಿಯೊಂದು ಡಿಸ್ಕಿನ ತಲೆಗಳ ಸೂಕ್ಷ್ಮ ಹೊಂದಾಣಿಕೆಯ ಅಂಕಿಗಳು ಅದರದೇ ಫಲಕದ ಒಂದು ಚಿಪ್ಪಿನಲ್ಲಿರುತ್ತವೆ. ಆ ಚಿಪ್ಪನ್ನೂ ವರ್ಗಾಯಿಸಬಲ್ಲ ಪರಿಣತರಿಗೇ ಒಪ್ಪಿಸಬೇಕು.

ಎದ್ದೂ ಏಳದ ಯಂತ್ರ

ಫ್ಯಾನು ತಿರುಗುತ್ತದೆ, ದೀಪ ಮಿನುಗುತ್ತದೆ, ಆದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ ಎಂಬುದು ಇನ್ನೊಂದು ವರ್ಗ. ಮೆಮೊರಿ ಪಟ್ಟಿಗಳ ಹಲ್ಲುಗಳಿಗೆ ಕಿಲುಬು ಹಿಡಿದಿರುವುದು ಇದಕ್ಕೆ ಅತಿ ಸಾಮಾನ್ಯ ಕಾರಣ. ಕರಾವಳಿ ಮತ್ತು ಮಲೆನಾಡಿನ ಕಾಲೇಜುಗಳಲ್ಲಿ ಇದು ಹೆಚ್ಚು. ಪಟ್ಟಿಯನ್ನು ತೆಗೆದು ಮತ್ತೆ ಒತ್ತಿ ಕೂರಿಸಿದರೆ ಎಷ್ಟೋ ವೇಳೆ ಸರಿಹೋಗುತ್ತದೆ. ಮದರ್‌ಬೋರ್ಡಿನ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಬರಿದಾಗಿದ್ದರೆ ಯಂತ್ರ ತನ್ನ ಹೊಂದಾಣಿಕೆಗಳನ್ನೆಲ್ಲ ಮರೆತು, ಯಾವ ಡಿಸ್ಕಿನಿಂದ ಆರಂಭವಾಗಬೇಕೆಂಬುದೂ ತಿಳಿಯದೆ ನಿಂತುಬಿಡುತ್ತದೆ. ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ಒಂದು ಬ್ಯಾಟರಿಯಿಂದ ಹೋಗುವ ಈ ದೋಷಕ್ಕೆ ಇಡೀ ಸರ್ವರನ್ನೇ ಬದಲಿಸುವ ಅಂದಾಜುಪಟ್ಟಿ ಬಂದದ್ದುಂಟು.

ದೋಷ ಬಳಕೆದಾರನದೂ ಅಲ್ಲ, ಕೋಣೆಯದೂ ಅಲ್ಲ, ತಯಾರಿಕೆಯದೇ ಆಗಿರುವ ಸಂದರ್ಭಗಳೂ ಇವೆ. ಇದಕ್ಕೆ ಸ್ಪಷ್ಟ ನಿದರ್ಶನ ಇಂಟೆಲ್ ಸಂಸ್ಥೆ 2013ರಲ್ಲಿ ಹೊರತಂದ ಆಟಮ್ ಸಿ2000 ಸರಣಿಯ ಪ್ರೊಸೆಸರುಗಳು. ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಇವುಗಳನ್ನು ರ್ಯಾಕಿನಲ್ಲಿ ಕೂರುವ ಸಂಗ್ರಹ ಯಂತ್ರಗಳಲ್ಲಿಯೂ ಜಾಲ ಸಾಧನಗಳಲ್ಲಿಯೂ ಹಲವು ತಯಾರಕರು ಬಳಸಿದರು. ಈ ಚಿಪ್ಪು ಹೊರಗಿನ ಭಾಗಗಳಿಗೆ, ಮುಖ್ಯವಾಗಿ ಆರಂಭದ ಆದೇಶಗಳಿರುವ ಭಾಗಕ್ಕೆ, ತಾಳ ಹಾಕುವ ಒಂದು ಸಂಕೇತವನ್ನು ಕಳಿಸುತ್ತಿರಬೇಕು. ಅದನ್ನು ಹೊರಡಿಸುವ ಮಂಡಲ ವರ್ಷಗಳು ಕಳೆದಂತೆ ಸವೆದು, ಒಂದು ದಿನ ತಾಳ ನಿಂತುಹೋಗುತ್ತಿತ್ತು. 2017ರ ಜನವರಿಯಲ್ಲಿ ಇಂಟೆಲ್ ತನ್ನ ದೋಷಪಟ್ಟಿಯಲ್ಲಿ ಇದನ್ನು ಸೇರಿಸಿ, ಯಂತ್ರ ಆರಂಭವಾಗದಿರಬಹುದು ಅಥವಾ ನಡೆಯುತ್ತಿರುವಾಗಲೇ ನಿಲ್ಲಬಹುದು ಎಂದು ಒಪ್ಪಿಕೊಂಡಿತು. ಅದೇ ವರ್ಷದ ಫೆಬ್ರವರಿಯಲ್ಲಿ ಸಿಸ್ಕೋ ಸಂಸ್ಥೆ, ಸರಬರಾಜುದಾರನ ಹೆಸರು ಹೇಳದೆ, ಇಂಥ ಭಾಗವಿರುವ ತನ್ನ ಸಾಧನಗಳು ಸುಮಾರು 18 ತಿಂಗಳ ಬಳಕೆಯ ನಂತರ ಹೆಚ್ಚು ಹೆಚ್ಚಾಗಿ ವಿಫಲವಾಗಬಹುದೆಂದು ಪ್ರಕಟಿಸಿತು. ಕೆಲವು ತಯಾರಕರು ವಾರಂಟಿಯನ್ನು ವಿಸ್ತರಿಸಿದರು. ವಾರಂಟಿ ಮುಗಿದವರು ಫಲಕದ ಮೇಲೆ ಸಣ್ಣ ರೆಸಿಸ್ಟರ್ ಒಂದನ್ನು ಬೆಸೆದು ತಾಳವನ್ನು ಮತ್ತೆ ಎಬ್ಬಿಸಿಕೊಂಡರು. ನಮ್ಮ ದೃಷ್ಟಿಯಿಂದ ಗಮನಾರ್ಹವಾದದ್ದು ಬೇರೆಯೇ ಇದೆ. ಈ ದೋಷದಿಂದ ಸತ್ತ ಯಂತ್ರಗಳಲ್ಲಿ ಡಿಸ್ಕುಗಳಿಗೆ ಏನೂ ಆಗಿರಲಿಲ್ಲ. ಅವನ್ನು ಅದೇ ಬಗೆಯ ಮತ್ತೊಂದು ಯಂತ್ರಕ್ಕೆ ಕ್ರಮ ತಪ್ಪದೆ ವರ್ಗಾಯಿಸಿದರೆ ದತ್ತಾಂಶ ದೊರೆಯುತ್ತಿತ್ತು. ಹೆದರಿ ಡಿಸ್ಕುಗಳನ್ನು ಹೊಸದಾಗಿ ಸಜ್ಜುಗೊಳಿಸಿದವರು ಮಾತ್ರ ಕಳೆದುಕೊಂಡರು. ಹಳೆಯ ಸರ್ವರನ್ನು ಬಳಸುತ್ತಿರುವ ವಿಭಾಗಗಳು ತಮ್ಮ ಯಂತ್ರದಲ್ಲಿ ಯಾವ ಪ್ರೊಸೆಸರ್ ಇದೆಯೆಂಬುದನ್ನು ಒಮ್ಮೆ ನೋಡಿಕೊಳ್ಳುವುದು ಒಳಿತು.

ಡಿಸ್ಕುಗಳು ಮತ್ತು ಲುಪ್ತ ಪಾಠ

ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್ಯಾಂಡಿ ಕಾಟ್ಜ್ ಎಂಬ ಬರ್ಕಲಿಯ ಮೂವರು ವಿದ್ವಾಂಸರು 1988ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ರೇಡ್ ಎಂಬ ಹೆಸರು ರೂಢಿಗೆ ಬಂದಿತು. ಅನೇಕ ಅಗ್ಗದ ಡಿಸ್ಕುಗಳನ್ನು ಒಂದಾಗಿಸಿ, ಒಂದು ಸತ್ತರೂ ಬರಹ ಉಳಿಯುವಂತೆ ಮಾಡುವುದು ಅದರ ಆಶಯ. ಇದನ್ನು ಕನ್ನಡ ಛಂದಸ್ಸಿನಿಂದ ತಿಳಿಯುವುದು ನಮಗೆ ಸುಲಭ. ಕಂದದ ವಿಷಮ ಪಾದದಲ್ಲಿ ನಾಲ್ಕು ಮಾತ್ರೆಯ ಮೂರು ಗಣಗಳು, ಸಮ ಪಾದದಲ್ಲಿ ಐದು. ಹುಳು ತಿಂದು ಒಂದು ಗಣ ಹೋಗಿದ್ದರೆ ಅಲ್ಲಿ ನಾಲ್ಕು ಮಾತ್ರೆಗಳಿದ್ದುವೆಂಬುದನ್ನು ನಾವು ಖಚಿತವಾಗಿ ಹೇಳಬಲ್ಲೆವು. ಅಕ್ಷರಗಳಾವುವು ಎಂಬುದಕ್ಕೆ ಊಹೆಯೇ ಗತಿ. ರೇಡ್ ಏರ್ಪಾಡು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮೂರು ಡಿಸ್ಕುಗಳಲ್ಲಿ ಕ್ರಮವಾಗಿ 1, 0, 1 ಎಂದಿದ್ದರೆ, ಒಟ್ಟು ಸಮಸಂಖ್ಯೆಯಾಗುವಂತೆ ನಾಲ್ಕನೆಯದರಲ್ಲಿ 0 ಬರೆಯುತ್ತದೆ. ಎರಡನೆಯದು ಹೋದರೆ ಉಳಿದವನ್ನು ಕೂಡಿಸಿ, ಹೋದದ್ದು 0 ಎಂದೇ ನಿಶ್ಚಯಿಸುತ್ತದೆ. ಪಾಠಪರಿಷ್ಕರಣಕ್ಕೆ ಇಲ್ಲಿ ಎಡೆಯಿಲ್ಲ. ಆದರೆ ಎರಡು ಹೋದರೆ ಏನೂ ಉಳಿಯುವುದಿಲ್ಲ. ರೇಡ್ 5 ಎಂಬ ಕ್ರಮ ಒಂದರ ನಷ್ಟವನ್ನೂ, ಬೇರೊಂದು ಲೆಕ್ಕವನ್ನು ಹೆಚ್ಚಾಗಿ ಬರೆದಿಡುವ ರೇಡ್ 6 ಎರಡರ ನಷ್ಟವನ್ನೂ ತಾಳುತ್ತದೆ.

ಅಪಾಯವಿರುವುದು ಮರುನಿರ್ಮಾಣದ ಅವಧಿಯಲ್ಲಿ. 8 ಟೆರಾಬೈಟಿನ ಡಿಸ್ಕನ್ನು ಕ್ಷಣಕ್ಕೆ 150 ಮೆಗಾಬೈಟಿನಂತೆ ಎಡೆಬಿಡದೆ ಬರೆದರೂ ಹದಿನೈದು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತೂ ಉಳಿದೆಲ್ಲ ಡಿಸ್ಕುಗಳನ್ನು ಆದ್ಯಂತ ಓದಬೇಕು. ಅವು ಒಂದೇ ದಿನ ಕೊಂಡ, ಒಂದೇ ವಯಸ್ಸಿನವು. ಸಾಮಾನ್ಯ ದರ್ಜೆಯ ಡಿಸ್ಕುಗಳಿಗೆ ತಯಾರಕರು ಹೇಳುವ ಭರವಸೆಯ ಮಿತಿ ಸುಮಾರು 12.5 ಟೆರಾಬೈಟಿಗೆ ಒಂದು ಓದಲಾಗದ ತಾಣ. ಆದ್ದರಿಂದ ರೇಡ್ 5ರಲ್ಲಿ ಒಂದು ಡಿಸ್ಕು ಹೋದಾಗ, ಹೊಸದನ್ನು ಸಿಕ್ಕಿಸುವ ಮೊದಲು, ಸಿಗುವಷ್ಟನ್ನು ಹೊರಗೆ ನಕಲು ಮಾಡಿಕೊಳ್ಳುವುದು ಜಾಣತನ. ಸಂಶಯವಿದ್ದಲ್ಲಿ ಪ್ರತಿ ಡಿಸ್ಕನ್ನೂ ತುದಿಯಿಂದ ತುದಿಗೆ ಯಥಾವತ್ತಾಗಿ ಬೇರೆ ಡಿಸ್ಕಿಗೆ ಇಳಿಸಿಕೊಂಡು ಆ ನಕಲಿನ ಮೇಲೆ ಪ್ರಯೋಗ ನಡೆಸಬೇಕು. ಗ್ನೂ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಇದಕ್ಕೆಂದೇ ಇದೆ. ಮೂಲಪ್ರತಿಯ ಮೇಲೆ ಯಾರೂ ತಿದ್ದುವುದಿಲ್ಲವಷ್ಟೆ. ಅನ್ಯ ಸಂರಚನೆ ಎಂಬ ಸಂದೇಶ ಬಂದಾಗ ಆಯ್ದುಕೊಳ್ಳಬೇಕಾದದ್ದು 'ಆಮದು ಮಾಡು' ಎಂಬುದನ್ನು. ಅಳಿಸು, ಸಜ್ಜುಗೊಳಿಸು ಎಂಬ ಪದಗಳು ಕಂಡಲ್ಲಿ ಕೈ ಹಿಂದೆಗೆಯಬೇಕು.

ಡಿಸ್ಕುಗಳು ತಮ್ಮ ಆರೋಗ್ಯವನ್ನು ತಾವೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ಎಂಬ ಪಟ್ಟಿಯೊಂದಿದೆ. ಅದರಲ್ಲಿ 5ನೆಯ ಸಾಲು ಕೆಟ್ಟು ಬದಲಾಯಿಸಲಾದ ತಾಣಗಳನ್ನೂ, 197ನೆಯದು ಓದಲಾಗದೆ ತೀರ್ಮಾನಕ್ಕೆ ಕಾದಿರುವ ತಾಣಗಳನ್ನೂ ಹೇಳುತ್ತದೆ. 199ನೆಯದು ಏರುತ್ತಿದ್ದರೆ ದೋಷ ಬಹುಮಟ್ಟಿಗೆ ಡಿಸ್ಕಿನದಲ್ಲ, ಕೇಬಲ್ಲಿನದು ಅಥವಾ ಬ್ಯಾಕ್‌ಪ್ಲೇನಿನದು. ಈ ವ್ಯತ್ಯಾಸ ತಿಳಿಯದೆ ಒಳ್ಳೆಯ ಡಿಸ್ಕುಗಳನ್ನು ಎಸೆದಿರುವುದುಂಟು. ಆದರೆ ಪಟ್ಟಿ ಶುದ್ಧವಾಗಿದೆಯೆಂದು ನಿಶ್ಚಿಂತರಾಗುವಂತಿಲ್ಲ. ಗೂಗಲ್ ಸಂಸ್ಥೆಯವರು ಲಕ್ಷಕ್ಕೂ ಮಿಕ್ಕ ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸತ್ತ ಡಿಸ್ಕುಗಳ ಪೈಕಿ ನೂರಕ್ಕೆ 56ಕ್ಕೂ ಹೆಚ್ಚಿನವು ಪ್ರಬಲವೆನಿಸಿದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರಿರಲಿಲ್ಲ. ಅದೇ ವರ್ಷ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ನಡೆಸಿದ ಇನ್ನೊಂದು ಅಧ್ಯಯನದಲ್ಲಿ, ತಯಾರಕರ ಪತ್ರದಲ್ಲಿ ವರ್ಷಕ್ಕೆ ಹೆಚ್ಚೆಂದರೆ ಶೇಕಡ 0.88 ಎಂದಿದ್ದ ವೈಫಲ್ಯ ವಾಸ್ತವದಲ್ಲಿ ಶೇಕಡ 2ರಿಂದ 4ರಷ್ಟು ಇರುವುದು ಸಾಮಾನ್ಯವೆಂದು ಕಂಡುಬಂದಿತು.

ಹೊಸ ಡಿಸ್ಕು ತಂದು ಹಾಕಿದರೂ ತಿರುಗದೆ ಸುಮ್ಮನಿರುವುದು ಇತ್ತೀಚಿನ ಒಂದು ವಿಚಿತ್ರ ಸಮಸ್ಯೆ. ಸಾಟಾ ಜೋಡಣೆಯ ಮೂರನೆಯ ಪಿನ್ನಿನಲ್ಲಿ ಹಿಂದೆ 3.3 ವೋಲ್ಟ್ ಹರಿಯುತ್ತಿತ್ತು. ಪರಿಷ್ಕೃತ ನಿಯಮದಲ್ಲಿ ಅದೇ ಪಿನ್ನು ಡಿಸ್ಕನ್ನು ಆರಿಸುವ ಆಜ್ಞೆಯಾಯಿತು. ಹಳೆಯ ಬ್ಯಾಕ್‌ಪ್ಲೇನು ಎಂದಿನಂತೆ ವಿದ್ಯುತ್ ಕೊಟ್ಟರೆ ಹೊಸ ಡಿಸ್ಕು ಅದನ್ನು 'ಆರಿರು' ಎಂದು ಓದಿಕೊಳ್ಳುತ್ತದೆ. ಅರ್ಥಪಲ್ಲಟದ ಇದಕ್ಕಿಂತ ಒಳ್ಳೆಯ ಉದಾಹರಣೆ ಭಾಷಾವಿಜ್ಞಾನದ ತರಗತಿಗೂ ದೊರೆಯಲಿಕ್ಕಿಲ್ಲ! ಡಿಸ್ಕು ಕೆಟ್ಟಿದೆಯೆಂದು ಹಿಂದಿರುಗಿಸುವ ಮುನ್ನ ಇದನ್ನು ಪರೀಕ್ಷಿಸಬೇಕು.

ಕೋಣೆ

ಶೀತಯಂತ್ರವನ್ನು ಕಚೇರಿಯ ವೇಳೆ ಮುಗಿದೊಡನೆ ಆರಿಸುವ, ಸರ್ವರನ್ನು ಮಾತ್ರ ರಾತ್ರಿಯೆಲ್ಲ ಬಾಗಿಲು ಮುಚ್ಚಿದ ಕೋಣೆಯಲ್ಲಿ ಬಿಡುವ ರೂಢಿ ನಮ್ಮಲ್ಲಿ ವ್ಯಾಪಕ. ಇಂಥ ಯಂತ್ರಗಳಿಗೆ ಶಿಫಾರಸು ಮಾಡಲಾದ ತಾಪ 18ರಿಂದ 27 ಡಿಗ್ರಿ ಸೆಲ್ಸಿಯಸ್. ಪವರ್ ಸಪ್ಲೈಯ ಜಾಲರಿಯಲ್ಲಿ ಧೂಳು, ಅದರ ಬೆಚ್ಚಗಿಗೆ ಸೇರಿದ ಇರುವೆ, ಹಲ್ಲಿ ಇವೂ ಮಾಮೂಲು. ಏಪ್ರಿಲ್-ಮೇ ತಿಂಗಳ ಸಿಡಿಲುಮಳೆಯಲ್ಲಿ ಏರಿಕೆ ವಿದ್ಯುತ್ ತಂತಿಯಿಂದ ಮಾತ್ರವಲ್ಲ, ಕಟ್ಟಡದಿಂದ ಕಟ್ಟಡಕ್ಕೆ ಎಳೆದ ಜಾಲದ ತಾಮ್ರದ ತಂತಿಯಿಂದಲೂ ಬರುತ್ತದೆ. ಆ ದೂರಕ್ಕೆ ಆಪ್ಟಿಕಲ್ ಫೈಬರನ್ನೇ ಬಳಸಬೇಕು.

ರೇಡ್ ಎಂಬುದು ಪ್ರತಿಯಲ್ಲ. ಬೆಂಕಿ, ಕಳ್ಳತನ, ತಪ್ಪು ಆಜ್ಞೆ ಇವು ಎಂಟು ಡಿಸ್ಕುಗಳನ್ನೂ ಒಂದೇ ಎಂದು ಕಾಣುತ್ತವೆ. ಬೇರೊಂದು ಕಟ್ಟಡದಲ್ಲಿ, ಸಾಧ್ಯವಾದರೆ ಬೇರೊಂದು ಊರಿನಲ್ಲಿ, ಇನ್ನೊಂದು ಪ್ರತಿ ಇರಲೇಬೇಕು. ಅದರ ಜೊತೆಗೆ ಪ್ರತಿಯೊಂದು ಕಡತಕ್ಕೂ ಅದರ ತಾಳೆಮೊತ್ತವನ್ನು ಲೆಕ್ಕಹಾಕಿ ಬೇರೆಡೆ ಬರೆದಿಡಬೇಕು. ಕಡತದಲ್ಲಿ ಒಂದೇ ಒಂದು ಚಿಹ್ನೆ ಬದಲಾದರೂ ಈ ಮೊತ್ತ ಬದಲಾಗುತ್ತದೆ. ಯಂತ್ರ ಮರಳಿ ಎದ್ದಾಗ ಒಳಗಿರುವುದು ಹಿಂದಿದ್ದುದೇ ಎಂದು ಪ್ರಮಾಣೀಕರಿಸಲು ಇದರ ಹೊರತು ಅನ್ಯಮಾರ್ಗವಿಲ್ಲ.

ಆ ಮಳೆಗಾಲದ ಸರ್ವರಿನಲ್ಲಿ ಇದ್ದುದು ರೇಡ್ 6. ಯಂತ್ರವನ್ನು ಅಳವಡಿಸಿದ ದಿನ ಯಾರೋ ಕುತೂಹಲಕ್ಕೆ ತೆಗೆದಿದ್ದ ಛಾಯಾಚಿತ್ರದಲ್ಲಿ ಡಿಸ್ಕುಗಳ ಕ್ರಮಸಂಖ್ಯೆಗಳು ಓದಲು ಬರುವಂತಿದ್ದವು. ಅದರ ಆಧಾರದಿಂದ ಮನೆಗಳನ್ನು ಗೊತ್ತುಮಾಡಿ, ಸೋರುತ್ತಿದ್ದ ಡಿಸ್ಕನ್ನು ಹೊರಗಿಟ್ಟು, ಹೊಸ ಪವರ್ ಸಪ್ಲೈ ತರಿಸಿ, ಸಂರಚನೆಯನ್ನು ಆಮದು ಮಾಡಲಾಯಿತು. ಕಡತಗಳು ತೆರೆದುಕೊಂಡವು. ಓಲೆಗರಿಗಳ ಬಿಂಬಗಳಿಗೆ ತಾಳೆಮೊತ್ತಗಳ ಪಟ್ಟಿ ಇದ್ದಿತು, ಅವೆಲ್ಲವೂ ಸರಿಹೊಂದಿದವು. ಧ್ವನಿಮುದ್ರಣಗಳಿಗೆ ಅಂಥ ಪಟ್ಟಿಯನ್ನು ಮಾಡಿರಲಿಲ್ಲ. ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು ಕ್ಷೇತ್ರಕಾರ್ಯದ ಹಳೆಯ ಟಿಪ್ಪಣಿಗಳನ್ನು ಮುಂದಿಟ್ಟುಕೊಂಡು ಅವನ್ನು ಮೊದಲಿನಿಂದ ಒಂದೊಂದಾಗಿ ಕೇಳುತ್ತಿದ್ದಾರೆ.